ನಾಲ್ಕು ವರ್ಷ ನಿಂತ ಬುಲೆಟ್: ಇಂಜಿನ್ ಬಿಚ್ಚುವ ಮೊದಲು, ಘಟ್ಟ ಇಳಿಯುವ ಮೊದಲು

ಪ್ರಶ್ನೆ: ನಮ್ಮ ತಂದೆಯವರ 1996ರ ಬುಲೆಟ್ ಸ್ಟ್ಯಾಂಡರ್ಡ್ 350 ಹುಬ್ಬಳ್ಳಿಯ ಮನೆಯಲ್ಲಿ ನಾಲ್ಕು ವರ್ಷದಿಂದ ನಿಂತಿದೆ. ನಿಲ್ಲಿಸುವಾಗ ಚೆನ್ನಾಗಿಯೇ ಓಡುತ್ತಿತ್ತು. ಮಳೆಗಾಲ ಮುಗಿದ ಮೇಲೆ ಪತ್ನಿಯೊಂದಿಗೆ ಶಿರಸಿ, ಕುಮಟಾ, ಕುಂದಾಪುರ, ಉಡುಪಿ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ ದಾರಿಯಾಗಿ ಸುತ್ತಿ ಬರುವ ಯೋಚನೆ ಇದೆ. ಮೆಕ್ಯಾನಿಕ್ ಇಂಜಿನ್ ಪೂರ್ತಿ ಬಿಚ್ಚಿ ಬೋರ್ ಮಾಡಿಸಬೇಕು ಅನ್ನುತ್ತಾರೆ. ಗೆಳೆಯರು ಆಯಿಲ್, ಪ್ಲಗ್ ಬದಲಿಸಿ ಹೊರಡು ಅನ್ನುತ್ತಾರೆ. ಯಾವುದು ಸರಿ? ಎಷ್ಟು ವೇಗದಲ್ಲಿ ಓಡಿಸಬಹುದು? ಜೊತೆಗೆ ಏನು ಒಯ್ಯಬೇಕು? ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಇದಕ್ಕೆ ಆಗುತ್ತದೆಯೇ? ನಾನು ಇದುವರೆಗೆ ಓಡಿಸಿದ್ದೆಲ್ಲ ಹೊಸ ಬೈಕುಗಳು.

ಉತ್ತರ: ಎರಡು ಸಲಹೆಗಳಲ್ಲಿ ಯಾವುದನ್ನೂ ಈಗಲೇ ಪಾಲಿಸಬೇಡಿ. ಚೆನ್ನಾಗಿ ಓಡುತ್ತಿದ್ದ ಇಂಜಿನ್ ನಿಂತಲ್ಲೇ ಬೋರ್ (ಸಿಲಿಂಡರಿನ ಒಳಗೋಡೆ) ಸವೆಸಿಕೊಳ್ಳುವುದಿಲ್ಲ. ಪರೀಕ್ಷಿಸದೆ ಬಿಚ್ಚಿದರೆ ಹಣವೂ ಹೋಗುತ್ತದೆ, ಇಂಜಿನ್ನಿನ ಆಯುಷ್ಯವೂ ಹೋಗುತ್ತದೆ. ಒಂದೊಂದು ಸಲ ಬೋರ್ ಮಾಡಿಸಿದಾಗಲೂ ಸಿಲಿಂಡರನ್ನು ಒಳಗಿನಿಂದ ಕೊರೆಯುವುದರಿಂದ ಗೋಡೆ ತೆಳುವಾಗಿ ಮುಂದಿನ ಅಳತೆಯ ಪಿಸ್ಟನ್ ಬೇಕಾಗುತ್ತದೆ. ಅಳತೆಗಳು ಮುಗಿದ ಮೇಲೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸುವುದೊಂದೇ ದಾರಿ. ಇನ್ನು ಬರೀ ಆಯಿಲ್, ಪ್ಲಗ್ ಬದಲಿಸಿ ಕಿಕ್ ಹೊಡೆದರೆ, ನಾಲ್ಕು ವರ್ಷದಿಂದ ಒಣಗಿರುವ ಬಿಗ್ ಎಂಡಿಗೆ (ಪಿಸ್ಟನ್ನಿನ ಕಡ್ಡಿ ಕ್ರ್ಯಾಂಕಿಗೆ ಕೂಡುವ ಜಾಗಕ್ಕೆ) ಆಯಿಲ್ ತಲುಪುವ ಮೊದಲೇ ಇಂಜಿನ್ ಓಡತೊಡಗುತ್ತದೆ. ಈ ಇಂಜಿನ್ನುಗಳು ದೂರ ಓಡಿದ್ದರಿಂದ ಕೆಡುವುದು ಕಡಿಮೆ. ಆಯಿಲ್ ತಲುಪಬೇಕಾದ ಜಾಗಕ್ಕೆ ತಲುಪದೆ ಕೆಡುತ್ತವೆ, ಇಲ್ಲವೇ ತಾಳಲಾರದ ವೇಗದಲ್ಲಿ ಕಾದು ಕೆಡುತ್ತವೆ. ನಿಮ್ಮ ಎಲ್ಲ ಪ್ರಶ್ನೆಗಳಿಗೂ ಉತ್ತರ ಈ ಎರಡು ಮಾತುಗಳ ಸುತ್ತಲೇ ಇದೆ.

ಇಂಜಿನ್ ಯಾವ ಕಾಲದ್ದು ಎಂಬುದು ಮೊದಲು ಮನಸ್ಸಿನಲ್ಲಿರಲಿ. ಇಂಗ್ಲೆಂಡಿನ ರೆಡಿಚ್‌ನಲ್ಲಿ ರೂಪುಗೊಂಡು, 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಆರಂಭವಾದ ಮೇಲೆ ಮದ್ರಾಸಿನಲ್ಲಿ ತಯಾರಾಗತೊಡಗಿದ ವಿನ್ಯಾಸ ಇದು. 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್, 346 ಸಿ.ಸಿ., ಸುಮಾರು 18 ಅಶ್ವಶಕ್ತಿ. ಜನ ಇದನ್ನು ಕಾಸ್ಟ್ ಐರನ್ ಎಂದು ಕರೆದರೂ ಎರಕದ ಕಬ್ಬಿಣದ್ದು ಸಿಲಿಂಡರ್ ಮಾತ್ರ, ಹೆಡ್ ಅಲ್ಯೂಮಿನಿಯಂನದು. ಸಂಪ್‌ನಲ್ಲಿ ಆಯಿಲ್ ನಿಲ್ಲುವುದಿಲ್ಲ. ಕ್ರ್ಯಾಂಕ್ ಕೇಸಿಗೆ ಹೊಂದಿಕೊಂಡೇ ಎರಕ ಹೊಯ್ದ ಪ್ರತ್ಯೇಕ ಕೋಣೆಯಲ್ಲಿರುತ್ತದೆ. ಒಂದು ಪಂಪ್ ಅಲ್ಲಿಂದ ಆಯಿಲ್ ಎತ್ತಿ ಫಿಲ್ಟರ್ ಮೂಲಕ ಕ್ರ್ಯಾಂಕಿನ ಒಳದಾರಿಯಿಂದ ಬಿಗ್ ಎಂಡಿಗೆ ಕಳಿಸುತ್ತದೆ. ಇನ್ನೊಂದು ಪಂಪ್ ಕೆಳಗೆ ಬಿದ್ದ ಆಯಿಲನ್ನು ವಾಪಸ್ ಕೋಣೆಗೆ ಎತ್ತುತ್ತದೆ, ದಾರಿಯಲ್ಲೇ ಸ್ವಲ್ಪವನ್ನು ಹೊರಗಿನ ಕೊಳವೆಯ ಮೂಲಕ ಮೇಲೆ ವಾಲ್ವ್ ಒತ್ತುವ ರಾಕರುಗಳಿಗೆ ಕೊಡುತ್ತದೆ. ಈ ಹರಿವು ಅರ್ಥವಾದರೆ ಅರ್ಧ ಬುಲೆಟ್ ಅರ್ಥವಾದಂತೆ.

ಮೊದಲ ಕಿಕ್‌ಗೆ ಮುಂಚೆ

ಸ್ಪಾರ್ಕ್ ಪ್ಲಗ್ ತೆಗೆದು ರಂಧ್ರದೊಳಗೆ 10 ಮಿ.ಲೀ.ನಷ್ಟು ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ರಿಂಗುಗಳು ಸಿಲಿಂಡರಿಗೆ ಅಂಟಿಕೊಂಡಿದ್ದರೆ ಬಿಟ್ಟುಕೊಳ್ಳಲಿಕ್ಕೆ ಇದು ಬೇಕು. ಮರುದಿನ ಕಿಕ್ಕರನ್ನು ಕಾಲಿನಿಂದಲ್ಲ, ಕೈಯಿಂದ ಒತ್ತಿ ನೋಡಿ. ಮೆತ್ತಗೆ ತಿರುಗಿದರೆ ಮುಂದುವರಿಯಿರಿ. ಎಲ್ಲೋ ಗಕ್ಕನೆ ನಿಂತರೆ ಬಲ ಹಾಕಬೇಡಿ. ಸಿಲಿಂಡರಿನಲ್ಲಿ ತುಕ್ಕಿನ ಗೆರೆ ಎದ್ದಿರಬಹುದು. ಆಗ ಹೆಡ್ ಮತ್ತು ಬ್ಲಾಕ್ ಎತ್ತಿ ನೋಡುವುದು ನ್ಯಾಯ.

ಆಮೇಲೆ ಹಳೆಯ ಆಯಿಲ್ ತೆಗೆಯಿರಿ. ಇಂಜಿನ್ ಅಡಿಯಲ್ಲಿ ಎರಡು ಡ್ರೈನ್ ಪ್ಲಗ್ ಇವೆ: ಒಂದು ಆಯಿಲ್ ಕೋಣೆಯದು, ಇನ್ನೊಂದು ಕ್ರ್ಯಾಂಕ್ ಇರುವ ಭಾಗದ್ದು. ಎರಡನ್ನೂ ಬಿಚ್ಚಬೇಕು. ವರ್ಷಗಟ್ಟಲೆ ನಿಂತ ಬುಲೆಟ್ಟಿನಲ್ಲಿ ಆಯಿಲ್ ಪಂಪಿನ ಸಂದಿಯಿಂದ ಮೆಲ್ಲನೆ ಜಾರಿ ಕ್ರ್ಯಾಂಕ್ ಭಾಗಕ್ಕೆ ಇಳಿದಿರುತ್ತದೆ. ಮೇಲಿನಿಂದ ಕಡ್ಡಿ ಅದ್ದಿ ನೋಡಿದವರಿಗೆ ಆಯಿಲ್ ಕಡಿಮೆಯಾದಂತೆ ಕಾಣುತ್ತದೆ, ಇನ್ನೊಂದು ಲೀಟರ್ ಸುರಿಯುತ್ತಾರೆ. ಸ್ಟಾರ್ಟ್ ಆದ ಕೂಡಲೇ ಇಂಜಿನ್ನಿನ ಒತ್ತಡ ಹೊರಬಿಡುವ ಬ್ರೀದರ್‌ನಿಂದ ಆಯಿಲ್ ಚಿಮ್ಮುತ್ತದೆ, ಸೈಲೆನ್ಸರ್ ಹೊಗೆ ಕಾರುತ್ತದೆ, ರಿಂಗ್ ಹೋಗಿದೆ ಎಂಬ ತೀರ್ಪು ಬೀಳುತ್ತದೆ. ನಿಮ್ಮ ಇಂಜಿನ್ ಬಿಚ್ಚಬೇಕೆಂಬ ಮಾತು ಇಂಥ ಹೊಗೆ ನೋಡಿ ಬಂದಿದ್ದರೆ ಅದನ್ನು ಸದ್ಯಕ್ಕೆ ಬದಿಗಿಡಿ. ಇದೇ ಕಾರಣಕ್ಕೆ ಮುಂದೆಯೂ ಆಯಿಲ್ ಮಟ್ಟ ನೋಡುವುದು ಬೆಳಿಗ್ಗೆ ಎದ್ದ ಕೂಡಲೇ ಅಲ್ಲ. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು ನೋಡಬೇಕು.

ಬಸಿದ ಆಯಿಲನ್ನು ಬಿಳಿ ತಟ್ಟೆಗೆ ಹೊಯ್ದು ಬಿಸಿಲಿಗೆ ಹಿಡಿಯಿರಿ. ಕಪ್ಪಾಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆತಂತೆ ಮಬ್ಬಾಗಿದ್ದರೆ ನೀರು ಸೇರಿದೆ. ಬೂದು ಬಣ್ಣದ ಮಿನುಗು ತೆಳುವಾಗಿ ಹರಡಿದ್ದರೆ ಬಿಗ್ ಎಂಡ್ ಬುಷ್ ಸವೆಯುತ್ತಿರುವ ಸಾಧ್ಯತೆ ಇದೆ. ಉಗುರಿಗೆ ಸಿಗುವಷ್ಟು ದೊಡ್ಡ ಚೂರು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ.

ಟೈಮಿಂಗ್ ಕವರಿನಲ್ಲಿರುವ ಫೆಲ್ಟ್ ಫಿಲ್ಟರ್ ಬದಲಿಸಿ. ತೆಗೆಯುವಾಗ ಸ್ಪ್ರಿಂಗ್, ವಾಷರ್, ಕ್ಯಾಪ್ ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ಬಟ್ಟೆಯ ಮೇಲೆ ಸಾಲಾಗಿ ಇಡಿ, ಫೋಟೋ ಹಿಡಿದುಕೊಳ್ಳಿ. ಕ್ರಮ ತಪ್ಪಿದರೆ ಆಯಿಲ್ ಸೋಸದೆ ಹೋಗುತ್ತದೆ ಅಥವಾ ಹರಿವೇ ಕಟ್ಟುತ್ತದೆ. ಹೊಸ ಫಿಲ್ಟರ್ ಕೂರಿಸಿದ ಮೇಲೆ ಬಹಳಷ್ಟು ಕಡೆ ಬಿಟ್ಟುಹೋಗುವ ಒಂದು ಕೆಲಸವಿದೆ: ಫಿಲ್ಟರ್ ಕೋಣೆಯನ್ನು ಕೈಯಿಂದಲೇ ಆಯಿಲ್ ತುಂಬಿ ಮುಚ್ಚಬೇಕು. ಖಾಲಿ ಬಿಟ್ಟರೆ ಪಂಪ್ ಮೊದಲು ಆ ಕೋಣೆಯನ್ನು ತುಂಬಿಸಬೇಕು, ಅದು ತುಂಬುವ ತನಕ ಬಿಗ್ ಎಂಡಿಗೆ ಹನಿಯೂ ಸಿಗುವುದಿಲ್ಲ. ಬುಲೆಟ್ಟಿನ ಪಂಪ್ ನಿಧಾನದ್ದು. ಆ ಸ್ವಲ್ಪ ಹೊತ್ತೇ ಸಾಕು ಬುಷ್ ಗೀಚಿಹೋಗಲು.

20ಡಬ್ಲ್ಯು-50 ಮಿನರಲ್ ಆಯಿಲ್ 2 ಲೀಟರ್ ಹಾಕಿ. ಪೂರ್ತಿ ಒಣಗಿದ ಇಂಜಿನ್ನಿಗೆ 2.25 ಲೀಟರ್ ಹಿಡಿಯುತ್ತದೆ, ಉಳಿದದ್ದನ್ನು ಓಡಿಸಿದ ಮೇಲೆ ಮಟ್ಟ ನೋಡಿ ತುಂಬಿ. ತೆಳು ಸಿಂಥೆಟಿಕ್ ಆಯಿಲ್ ಈ ಸಡಿಲ ಅಳತೆಯ ಇಂಜಿನ್ನಿಗೆ ಬೇಡ. ಖರ್ಚು ಹೆಚ್ಚು, ಸೋರಿಕೆಯೂ ಹೆಚ್ಚು.

ಈಗ ಆಯಿಲ್ ತಲುಪುತ್ತಿದೆಯೇ ಎಂದು ನೋಡುವ ಹೊತ್ತು. ಸೆಂಟರ್ ಸ್ಟ್ಯಾಂಡ್ ಹಾಕಿ, ಪ್ಲಗ್ ಹೊರಗಿಟ್ಟು, ಇಗ್ನಿಷನ್ ಆಫ್ ಮಾಡಿ, ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸುತ್ತಾ ಹೋಗಿ. ನೂರು ಕಿಕ್ ಹೊಡೆಯುವುದಕ್ಕಿಂತ ಇದು ಸುಲಭ. ಬೆರಳು, ಬಟ್ಟೆ ಚೈನಿನಿಂದ ದೂರ ಇರಲಿ. ಫಿಲ್ಟರ್‌ನಿಂದ ಕ್ರ್ಯಾಂಕ್ ಕಡೆಗೆ ಹೋಗುವ ದಾರಿಯ ಮೇಲೆ ಟೈಮಿಂಗ್ ಕವರಿನಲ್ಲಿರುವ ಫೀಡ್ ಪ್ಲಗ್ಗನ್ನು ಎರಡು ಸುತ್ತು ಸಡಿಲಿಸಿದ್ದರೆ, ತಿರುಗಿಸುತ್ತಿದ್ದಂತೆ ಅಲ್ಲಿಂದ ಆಯಿಲ್ ಜಿನುಗಬೇಕು. ಜಿನುಗಿದ ಮೇಲೆ ಪ್ಲಗ್ ಬಿಗಿ ಮಾಡಿ ಇನ್ನೂ ಸ್ವಲ್ಪ ಹೊತ್ತು ಚಕ್ರ ತಿರುಗಿಸಿ.

ಹೆಚ್ಚಿನವರು ರಾಕರ್ ಕೊಳವೆಯ ಬೋಲ್ಟ್ ಸಡಿಲಿಸಿ, ಮೇಲೆ ಆಯಿಲ್ ಬಂತು, ಇಂಜಿನ್ ಸುರಕ್ಷಿತ ಎಂದುಕೊಳ್ಳುತ್ತಾರೆ. ರಾಕರಿಗೆ ಆಯಿಲ್ ಬರುವುದು ವಾಪಸಾತಿ ಪಂಪಿನಿಂದ. ಅದು ಕೆಲಸ ಮಾಡಿದ ಮಾತ್ರಕ್ಕೆ ಬಿಗ್ ಎಂಡಿಗೆ ಹೋಗುತ್ತಿದೆ ಎಂದಾಗುವುದಿಲ್ಲ. ಎರಡೂ ಕಡೆ ಪ್ರತ್ಯೇಕವಾಗಿ ನೋಡಲೇಬೇಕು.

ಹೊರಡುವ ಮೊದಲು ಕ್ಲಚ್ಚನ್ನೂ ಬಿಡಿಸಿಕೊಳ್ಳಿ. ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿರುತ್ತವೆ; ಕ್ಲಚ್ ಹಿಡಿದು ಗೇರಿಗೆ ಹಾಕಿದರೂ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಇಂಜಿನ್ ಆಫ್ ಇರುವಾಗ ಕ್ಲಚ್ ಪೂರ್ತಿ ಎಳೆದು ಹಿಡಿದು ಕಿಕ್ಕರ್ ಒತ್ತಿ. ಪ್ಲೇಟುಗಳು ಬಿಟ್ಟುಕೊಂಡ ಮೇಲೆ ಕಿಕ್ಕರ್ ಕಂಪ್ರೆಷನ್ ಇಲ್ಲದೆ ಹಗುರವಾಗಿ ಇಳಿಯುತ್ತದೆ. ಇದನ್ನು ದಿನಾ ಬೆಳಿಗ್ಗೆ ಮಾಡುವುದು ಒಳ್ಳೆಯ ರೂಢಿ.

ಬೋರ್ ಬೇಕೋ ಬೇಡವೋ

ಸ್ಟಾರ್ಟ್ ಮಾಡಿ, ಹತ್ತು ಇಪ್ಪತ್ತು ಕಿ.ಮೀ. ನಿಧಾನ ಓಡಿಸಿದ ಮೇಲೆಯೇ ಇದನ್ನು ನಿರ್ಧರಿಸಬೇಕು. ಬೆಚ್ಚಗಿರುವ ಇಂಜಿನ್ನಿನಲ್ಲಿ ಇಗ್ನಿಷನ್ ಆಫ್ ಮಾಡಿ, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಮುಟ್ಟದೆ, ಕಂಪ್ರೆಷನ್ ಸಿಗುವ ತನಕ ಕಿಕ್ಕರ್ ಇಳಿಸಿ ಮೆಲ್ಲಗೆ ಅದರ ಮೇಲೆ ಮೈಭಾರ ಬಿಡಿ. ಕೆಲವು ಕ್ಷಣ ತಡೆದು ನಿಧಾನವಾಗಿ ಜಾರಿದರೆ ರಿಂಗು, ವಾಲ್ವು ಎರಡೂ ಕೆಲಸಕ್ಕೆ ಬರುವಂತಿವೆ. ಕೂಡಲೇ ಕುಸಿದರೆ ಪ್ಲಗ್ ರಂಧ್ರದಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಈಗ ತಡೆದರೆ ದೋಷ ರಿಂಗ್ ಅಥವಾ ಬೋರಿನದು. ಆಗಲೂ ಕುಸಿದರೆ ವಾಲ್ವಿನದು. ಟ್ಯಾಪೆಟ್ (ವಾಲ್ವ್ ಎತ್ತುವ ರಾಡಿನ ಹೊಂದಾಣಿಕೆ) ಅತಿ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೂ, ಡಿಕಂಪ್ರೆಸರ್ ಕೇಬಲ್ ಬಿಗಿಯಾಗಿ ಅದು ಅರೆ ತೆರೆದೇ ಇದ್ದರೂ ಇದೇ ಲಕ್ಷಣ ಬರುತ್ತದೆ. ಅವೆರಡನ್ನೂ ಮೊದಲು ನೋಡಿ.

ಹೊಗೆ ಬರುವ ಹೊತ್ತಿಗೂ ಅರ್ಥವಿದೆ. ಎಕ್ಸಿಲರೇಟರ್ ಕೊಟ್ಟಾಗ ನೀಲಿ ಹೊಗೆ ಒಂದೇ ಸಮನೆ ಬಂದರೆ ರಿಂಗು, ಬೋರು. ಇಳಿಜಾರಿನಲ್ಲಿ ಎಕ್ಸಿಲರೇಟರ್ ಮುಚ್ಚಿ ಇಳಿದು, ಮತ್ತೆ ಕೊಟ್ಟ ಕ್ಷಣದಲ್ಲಿ ಮಾತ್ರ ಬಂದರೆ ವಾಲ್ವ್ ಗೈಡ್, ಅಂದರೆ ವಾಲ್ವ್ ಜಾರುವ ಕೊಳವೆ. ಗೈಡ್ ಸವೆದ ಬುಲೆಟ್ಟಿನಲ್ಲಿ ನಿಮ್ಮ ಪ್ರವಾಸ ಮುಗಿಸಬಹುದು, ಆಯಿಲ್ ಮಟ್ಟದ ಮೇಲೆ ಕಣ್ಣಿದ್ದರೆ ಸಾಕು. ಕಪ್ಪು ಹೊಗೆ ಕಾರ್ಬೊರೇಟರಿನ ವಿಷಯ, ಇಂಜಿನ್ನಿನದಲ್ಲ.

ಸದ್ದನ್ನೂ ಬೇರ್ಪಡಿಸಿ ಕೇಳಿ. ತಣ್ಣಗಿದ್ದಾಗ ಸಿಲಿಂಡರಿನಿಂದ ಬಂದು, ಬಿಸಿಯಾದಂತೆ ಅಡಗುವ ಕಟಕಟ ಪಿಸ್ಟನ್ನಿನದು. ಅದರ ಜೊತೆ ಬಹುಕಾಲ ಬಾಳಬಹುದು. ಬಿಸಿಯಾದ ಮೇಲೆ ಹೆಚ್ಚಾಗುವ, 40–50 ಕಿ.ಮೀ. ವೇಗದಲ್ಲಿ ಲೋಡ್ ಕೊಟ್ಟಾಗ ಅಡಿಯಿಂದ ಬರುವ ದಪ್ಪ ಟೊಕ್ ಟೊಕ್ ಬಿಗ್ ಎಂಡಿನದು. ಅದು ಕೇಳಿಸಿದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ: ಇಂಜಿನ್ ಬಿಚ್ಚಲೇಬೇಕು, ಘಟ್ಟದ ಪ್ರವಾಸವನ್ನು ಮುಂದಕ್ಕೆ ಹಾಕಬೇಕು.

ಸೋರಿಕೆಗಾಗಿ ಇಂಜಿನ್ ಬಿಚ್ಚಿಸುವವರೂ ಇದ್ದಾರೆ. ಅದಕ್ಕೆ ಮೊದಲು ಕ್ರ್ಯಾಂಕ್ ಕೇಸಿನ ಬ್ರೀದರ್ ರಬ್ಬರ್ ಹಿಸುಕಿ ನೋಡಿ. ಬಾತುಕೋಳಿ ಕೊಕ್ಕಿನ ಆಕಾರದ ಈ ಕವಾಟ ಒಳಗಿನ ಒತ್ತಡವನ್ನು ಹೊರಗೆ ಬಿಡುತ್ತದೆ, ಹೊರಗಿನ ಗಾಳಿಯನ್ನು ಒಳಕ್ಕೆ ಬಿಡುವುದಿಲ್ಲ. ಗಟ್ಟಿಯಾಗಿ ಅಂಟಿಕೊಂಡರೆ ಒತ್ತಡ ಹೊರದಾರಿ ಹುಡುಕುತ್ತಾ ಪ್ರತಿ ಪ್ಯಾಕಿಂಗಿನಿಂದಲೂ ಆಯಿಲನ್ನು ತಳ್ಳುತ್ತದೆ. ಅಗ್ಗದ ಆ ರಬ್ಬರ್ ಬದಲಿಸದೆ ಪ್ಯಾಕಿಂಗ್ ಬದಲಿಸುತ್ತಾ ಹೋದರೆ ಸೋರಿಕೆ ನಿಲ್ಲುವುದೇ ಇಲ್ಲ.

ಟ್ಯಾಪೆಟ್, ಪಾಯಿಂಟ್, ಟೈಮಿಂಗ್

ಈ ಮೂರನ್ನು ನೀವೇ ಕಲಿಯಿರಿ ಎಂದು ಒತ್ತಿ ಹೇಳುತ್ತೇನೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವಾಗ ಗಾಡಿ ನಿಂತರೆ, ಪಾಯಿಂಟ್ (ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವ ಸ್ವಿಚ್ಚು) ಸೆಟ್ ಮಾಡಬಲ್ಲವರು ಆ ದಾರಿಯಲ್ಲಿ ಸಿಗುವುದು ಕಷ್ಟ. ಹೊಸ ಗಾಡಿಗಳಲ್ಲಿ ಪಾಯಿಂಟೇ ಇಲ್ಲ.

ಟ್ಯಾಪೆಟ್ ನೋಡುವುದು ಇಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ರಾತ್ರಿಯಿಡೀ ನಿಂತ ಮೇಲೆ. ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುದಿಯಲ್ಲಿರಬೇಕು, ಎರಡೂ ವಾಲ್ವ್ ಮುಚ್ಚಿರಬೇಕು. ಸಿಲಿಂಡರಿನ ಪಕ್ಕದ ಟ್ಯಾಪೆಟ್ ಕವರ್ ತೆಗೆದರೆ ಎರಡು ಪುಶ್ ರಾಡಿನ ಬುಡ ಕಾಣುತ್ತದೆ. ಇಲ್ಲಿ ಫೀಲರ್ ಗೇಜಿನ ಅಳತೆ ಇಲ್ಲ, ಗ್ಯಾಪ್ ಸೊನ್ನೆ. ಎರಡು ಬೆರಳಿನಲ್ಲಿ ಹಿಡಿದರೆ ರಾಡ್ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲ್ಲಾಡಬಾರದು. ಸದ್ದು ಕಡಿಮೆಯಾಗಲೆಂದು ತಿರುಗದಷ್ಟು ಬಿಗಿ ಮಾಡಿದರೆ ವಾಲ್ವ್ ಸೀಟಿಗೆ ಪೂರ್ತಿ ಕೂರುವುದಿಲ್ಲ, ತನ್ನ ಶಾಖವನ್ನು ಹೆಡ್ಡಿಗೆ ದಾಟಿಸಲಾರದೆ ಅಂಚು ಸುಟ್ಟುಕೊಳ್ಳುತ್ತದೆ. ಬುಲೆಟ್ಟಿನ ಟ್ಯಾಪೆಟ್ ಸ್ವಲ್ಪ ಸದ್ದು ಮಾಡಲಿ ಬಿಡಿ.

ಪಾಯಿಂಟ್ ಗ್ಯಾಪ್ ಪೂರ್ತಿ ತೆರೆದಾಗ 0.35ರಿಂದ 0.40 ಮಿ.ಮೀ. ಮುಖಗಳು ಗುಳಿ ಬಿದ್ದಿದ್ದರೆ ಹೊಸ ಸೆಟ್ ಹಾಕಿ. ಹಳೆಯದನ್ನು ಉಜ್ಜಿ ಸ್ವಚ್ಛ ಮಾಡಿ ದಾರಿಯ ಬಳಕೆಗೆ ಇಟ್ಟುಕೊಳ್ಳಿ. ಪ್ಲಗ್ ಗ್ಯಾಪ್ 0.5ರಿಂದ 0.6 ಮಿ.ಮೀ. ಇದಾದ ಮೇಲೆಯೇ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ. ಅಡ್ವಾನ್ಸ್ ಯೂನಿಟ್ (ವೇಗ ಏರಿದಂತೆ ಕಿಡಿಯನ್ನು ಬೇಗ ಹಾರಿಸುವ ಭಾಗ) ಪೂರ್ತಿ ಹಿಂದಕ್ಕಿರುವಾಗ ಪಿಸ್ಟನ್ ತುದಿ ಮುಟ್ಟಲು 0.8 ಮಿ.ಮೀ. ಇರುವಲ್ಲಿ ಪಾಯಿಂಟ್ ತೆರೆಯತೊಡಗಬೇಕು. ಗ್ಯಾಪ್ ಬದಲಾದರೆ ತೆರೆಯುವ ಗಳಿಗೆಯೂ ಬದಲಾಗುತ್ತದೆ, ಆದ್ದರಿಂದ ಈ ಕ್ರಮ ತಿರುವುಮುರುವಾಗಬಾರದು. ಅಡ್ವಾನ್ಸ್ ಯೂನಿಟ್ಟಿನ ತೂಕಗಳು ನಾಲ್ಕು ವರ್ಷದಲ್ಲಿ ಅಂಟಿಕೊಂಡಿರುವ ಸಂಭವ ಹೆಚ್ಚು. ಕೈಯಿಂದ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಬಲದಿಂದ ತಟ್ಟನೆ ಹಿಂದಕ್ಕೆ ಬರಬೇಕು. ಮುಂದಕ್ಕೆ ಅಂಟಿದ್ದರೆ ಕಿಕ್ಕರ್ ತಿರುಗಿ ಕಾಲಿಗೆ ಹೊಡೆಯುತ್ತದೆ. ಹಿಂದಕ್ಕೆ ಅಂಟಿದ್ದರೆ ಗಾಡಿ ಎಳೆಯುವುದಿಲ್ಲ, ಸೈಲೆನ್ಸರ್ ಬೆಂಡ್ ಕಾದು ನೀಲಿಯಾಗುತ್ತದೆ, ಇಂಜಿನ್ ಅತಿಯಾಗಿ ಕಾಯುತ್ತದೆ.

ತಣ್ಣಗಿದ್ದಾಗ ಚೆನ್ನಾಗಿ ಓಡಿ, ಅರ್ಧ ಗಂಟೆಯ ಮೇಲೆ ಮಿಸ್ ಹೊಡೆದು ನಿಂತು, ತಣಿದ ಮೇಲೆ ಮತ್ತೆ ಓಡಿದರೆ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಮೇಲೆ ಮೊದಲ ಅನುಮಾನ ಪಡಿ. ಪಾಯಿಂಟುಗಳ ನಡುವೆ ದೊಡ್ಡ ನೀಲಿ ಕಿಡಿ ಹಾರುತ್ತಿದ್ದರೆ ಅನುಮಾನ ಖಾತ್ರಿ.

ಪೆಟ್ರೋಲ್

ಎಥನಾಲ್ ಶೇ. 20 ಇರುವ ಪೆಟ್ರೋಲಿಗೆ ಈ ಗಾಡಿಯನ್ನು ರೂಪಿಸಿಲ್ಲ, ಆದರೆ ಓಡುತ್ತದೆ. ಮೂರು ಕಡೆ ಗಮನ ಬೇಕು. ಹಳೆಯ ರಬ್ಬರ್ ಪೈಪ್, ಕಾಕಿನ ವಾಷರ್, ಕಾರ್ಬೊರೇಟರಿನ ಓ-ರಿಂಗ್‌ಗಳು ಊದಿಕೊಂಡು ಬಿರಿಯುತ್ತವೆ. ಎಥನಾಲ್ ತಡೆಯುವ ಪೈಪ್ ಹಾಕಿ, ಉಳಿದದ್ದನ್ನೂ ಹೊಸದು ಮಾಡಿ. ಎರಡನೆಯದಾಗಿ, ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಅರೆ ಖಾಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ನೀರು ಬೇರ್ಪಟ್ಟು ತಳಕ್ಕಿಳಿದು ತುಕ್ಕು ಹಿಡಿಸುತ್ತದೆ. ನಿಮ್ಮ ಟ್ಯಾಂಕಿನಲ್ಲಿರುವ ನಾಲ್ಕು ವರ್ಷದ ಪೆಟ್ರೋಲನ್ನು ಪೂರ್ತಿ ಹೊರಚೆಲ್ಲಿ, ಟಾರ್ಚ್ ಬಿಟ್ಟು ಒಳಗೆ ನೋಡಿ, ತುಕ್ಕಿದ್ದರೆ ತೊಳೆಸಿ. ಮೂರನೆಯದಾಗಿ, ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ತೆಳು ಮಿಶ್ರಣ ಇಂಜಿನ್ ಕಾಯಿಸುತ್ತದೆ. ಓಡಿಸಿ ನಿಲ್ಲಿಸಿದಾಗ ಪ್ಲಗ್ಗಿನ ತುದಿ ತಿಳಿ ಕಂದು ಇದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ಕಾರ್ಬೊರೇಟರ್ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ. ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚು ಬರುತ್ತದೆ. ಮೈಲೇಜು ಕೊಂಚ ಇಳಿಯುತ್ತದೆ, ಇಳಿಯಲಿ.

ಬ್ರೇಕು, ಚಕ್ರ, ಉಳಿದ ಆಯಿಲುಗಳು

ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ: ಮೊದಲೆರಡು ವಾರ, ಕೊನೆಯ ಎರಡು ವರ್ಷ. ಮೇಲಿನ ಗೀರುಗಳು ಚೆನ್ನಾಗಿ ಕಂಡರೂ ಆರೇಳು ವರ್ಷ ದಾಟಿದ ಟೈರಿನಲ್ಲಿ ಇಬ್ಬರು ಘಟ್ಟ ಇಳಿಯಬಾರದು. ಹೊಸ ಟೈರು, ಹೊಸ ಟ್ಯೂಬು, ಹೊಸ ರಿಮ್ ಪಟ್ಟಿ ಒಟ್ಟಿಗೆ ಹಾಕಿಸಿ. ಸ್ಟ್ಯಾಂಡರ್ಡ್ ಮಾದರಿಯಲ್ಲಿ ಎರಡೂ ಚಕ್ರ 3.25-19, ಹಾಗಾಗಿ ಒಂದೇ ಟ್ಯೂಬ್ ಒಯ್ದರೆ ಎರಡಕ್ಕೂ ಆಗುತ್ತದೆ. ಇಬ್ಬರು ಕೂತಾಗ ಗಾಳಿ ಮುಂದೆ 22, ಹಿಂದೆ 32 ಪಿ.ಎಸ್.ಐ.

ನಿಂತ ಗಾಡಿಯ ಬ್ರೇಕ್ ಲೈನರುಗಳಲ್ಲಿ ಒಂದು ಅಪಾಯವಿದೆ. ಅಂಟು ಹಾಕಿ ಕೂರಿಸಿದ ಲೈನರ್ ತೇವಕ್ಕೆ ಶೂನಿಂದ ಬಿಟ್ಟುಕೊಂಡು ಓಡುವಾಗ ಡ್ರಮ್ಮಿನೊಳಗೆ ಸಿಕ್ಕಿಹಾಕಿಕೊಳ್ಳಬಹುದು, ಚಕ್ರ ಒಮ್ಮೆಗೇ ಕಚ್ಚಿ ನಿಲ್ಲಬಹುದು. ಎರಡೂ ಡ್ರಮ್ ಬಿಚ್ಚಿ ಕಣ್ಣಾರೆ ನೋಡಿ. ಮುಂದಿನ ಚಕ್ರಕ್ಕೆ ಎರಡು ಕ್ಯಾಮಿನ ಬ್ರೇಕ್ ಇದ್ದರೆ ಅವೆರಡನ್ನು ಜೋಡಿಸುವ ಕಡ್ಡಿಯ ಉದ್ದ ಸರಿಯಿರಬೇಕು. ಎರಡೂ ಶೂ ಒಂದೇ ಗಳಿಗೆಗೆ ಡ್ರಮ್ ಮುಟ್ಟದಿದ್ದರೆ ಅರ್ಧ ಬ್ರೇಕಷ್ಟೇ ಸಿಗುತ್ತದೆ.

ಸ್ಟೀರಿಂಗ್ ಕೋನ್ ಸೆಟ್, ಸ್ವಿಂಗ್ ಆರ್ಮ್ ಬುಷ್, ಹಿಂದಿನ ಹಬ್ಬಿನ ರಬ್ಬರುಗಳಲ್ಲಿ ಆಟ ಇದೆಯೇ ನೋಡಿ. ಚೈನಿಗೆ 25–30 ಮಿ.ಮೀ. ಸಡಿಲ ಬೇಕು. ಚಕ್ರ ತಿರುಗಿಸುತ್ತಾ ನಾಲ್ಕು ಕಡೆ ಅಳೆಯಿರಿ, ಅತಿ ಬಿಗಿ ಇರುವ ಜಾಗದಲ್ಲಿ ಈ ಅಳತೆ ಸಿಗಬೇಕು. ಮುಂದಿನ ಫೋರ್ಕಿಗೆ ಒಂದೊಂದು ಕಾಲಿಗೆ 200 ಮಿ.ಲೀ. ಆಯಿಲ್. ಕ್ಲಚ್ ಕಡೆಯ ಚೈನ್ ಕೇಸಿಗೆ ಸುಮಾರು 420 ಮಿ.ಲೀ., ಲೆವೆಲ್ ಸ್ಕ್ರೂನಿಂದ ಹೊರ ಇಣುಕುವಷ್ಟು. ಗೇರ್ ಬಾಕ್ಸಿಗೆ ಹಿಂದೆಲ್ಲ ಗ್ರೀಸ್ ತುಂಬುತ್ತಿದ್ದರು, ಸೋರದಿರಲಿ ಎಂದು. ಗಟ್ಟಿ ಗ್ರೀಸನ್ನು ಗೇರಿನ ಹಲ್ಲುಗಳು ಬದಿಗೆ ತಳ್ಳಿ ಒಣಗಿದ ದಾರಿಯಲ್ಲಿ ತಿರುಗುತ್ತವೆ, ಬುಷ್‌ಗಳಿಗೆ ಏನೂ ಸಿಗುವುದಿಲ್ಲ. ಇ.ಪಿ. 90 ಗೇರ್ ಆಯಿಲನ್ನೇ ಮಟ್ಟಕ್ಕೆ ಹಾಕಿ. ಸ್ಪ್ರಾಕೆಟ್ ಹಿಂದೆ ಸ್ವಲ್ಪ ಜಿನುಗಿದರೂ ಗೇರು ಉಳಿಯುತ್ತದೆ.

ಬ್ಯಾಟರಿ ಹೊಸದು ಹಾಕಿಸಿ, ಈ ಗಾಡಿಗೆ ಕಿಡಿ ಅದರಿಂದಲೇ ಬರಬೇಕು. ಇಂಜಿನ್ ಏರಿಸಿದಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಕಾಣದಿದ್ದರೆ ಚಾರ್ಜಿಂಗ್ ನೋಡಿಸದೆ ಹೊರಡಬೇಡಿ.

ಬಲಗಾಲಿನ ವಿಷಯ

ಹೊಸ ಬೈಕು ಓಡಿಸಿದವರಿಗೆ ಈ ಗಾಡಿಯಲ್ಲಿ ಇರುವ ಅತಿ ದೊಡ್ಡ ಅಪಾಯ ಇಂಜಿನ್ನಿನಲ್ಲಿಲ್ಲ, ಪೆಡಲಿನಲ್ಲಿದೆ. ನಿಮ್ಮ ಸ್ಟ್ಯಾಂಡರ್ಡ್ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಮೊದಲ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಅಂದರೆ ಎದುರಿಗೆ ದನ ಬಂದು ನೀವು ಅಭ್ಯಾಸಬಲದಿಂದ ಬಲಗಾಲು ಒತ್ತಿದರೆ ಬ್ರೇಕ್ ಬೀಳುವುದಿಲ್ಲ, ಗೇರು ಒಂದು ಮೇಲೇರುತ್ತದೆ, ಇಂಜಿನ್ನಿನ ಹಿಡಿತವೂ ತಪ್ಪುತ್ತದೆ. ಗೊತ್ತಿದ್ದರೆ ಸಾಲದು, ಗಾಬರಿಯಾದ ಹೊತ್ತಿನಲ್ಲಿ ಕಾಲು ತಾನಾಗಿ ಎಡಕ್ಕೆ ಹೋಗಬೇಕು. ಖಾಲಿ ಮೈದಾನದಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ ಬರೀ ನಿಲ್ಲಿಸುವುದನ್ನೇ ಅಭ್ಯಾಸ ಮಾಡಿ, ಪತ್ನಿಯವರನ್ನು ಕೂರಿಸಿಕೊಂಡೂ ಮಾಡಿ. ಗೇರುಗಳ ನಡುವೆ ಸುಳ್ಳು ನ್ಯೂಟ್ರಲ್ ಸಿಗುವುದು ಈ ಗೇರ್ ಬಾಕ್ಸಿನ ಸ್ವಭಾವ. ಪೆಡಲನ್ನು ಕೊನೆಯ ತನಕ ಒತ್ತಿ, ಕಾಲನ್ನು ಪೂರ್ತಿ ಬಿಟ್ಟು, ಆಮೇಲೆ ಕ್ಲಚ್ ಬಿಡಿ. ಹಿಮ್ಮಡಿಯ ಬಳಿ ಇರುವ ಚಿಕ್ಕ ಲಿವರ್ ಎರಡು, ಮೂರು ಅಥವಾ ನಾಲ್ಕನೇ ಗೇರಿನಿಂದ ನೇರ ನ್ಯೂಟ್ರಲ್‌ಗೆ ತರುತ್ತದೆ. ಸಿಗ್ನಲಿನಲ್ಲಿ ಅನುಕೂಲ, ಇಳಿಜಾರಿನಲ್ಲಿ ಮುಟ್ಟಲೇಬೇಡಿ.

ಕಿಕ್ ಹೊಡೆಯಲು ಬಲ ಬೇಡ, ಕ್ರಮ ಬೇಕು. ಇಗ್ನಿಷನ್ ಆನ್ ಮಾಡಿ ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ ಕಂಪ್ರೆಷನ್ ತಡೆಯುವಲ್ಲಿ ನಿಲ್ಲಿಸಿ. ಡಿಕಂಪ್ರೆಸರ್ ಎಳೆದು ಇನ್ನಷ್ಟು ಕೆಳಕ್ಕೆ ಒತ್ತಿದರೆ ವಿದ್ಯುತ್ ಹರಿವು ತೋರಿಸುವ ಆಮ್ಮೀಟರಿನ ಮುಳ್ಳು ನಡುವಿಗೆ ಬರುತ್ತದೆ. ಪಾಯಿಂಟ್ ತೆರೆದಿದೆ, ಪಿಸ್ಟನ್ ತುದಿ ದಾಟುತ್ತಿದೆ ಎಂದರ್ಥ. ಡಿಕಂಪ್ರೆಸರ್ ಬಿಡಿ, ಕಿಕ್ಕರನ್ನು ಪೂರ್ತಿ ಮೇಲಕ್ಕೆ ಬರಲು ಬಿಟ್ಟು, ಎಕ್ಸಿಲರೇಟರ್ ಮುಟ್ಟದೆ ಒಂದೇ ಉದ್ದ ತುಳಿತ ಕೊಡಿ.

ವೇಗ ಮತ್ತು ಘಟ್ಟ

60ರಿಂದ 65 ಕಿ.ಮೀ. ನಿಮ್ಮ ದಿನವಿಡೀ ಓಟದ ವೇಗ. ಓವರ್‌ಟೇಕ್ ಮಾಡುವಾಗ 75 ಮುಟ್ಟಿದರೆ ತೊಂದರೆಯಿಲ್ಲ, ಅಲ್ಲೇ ಉಳಿಯಬಾರದು. ಉದ್ದ ಸ್ಟ್ರೋಕಿನ ಇಂಜಿನ್ ಇದು: ನಿಮಿಷಕ್ಕೆ 3000 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 9 ಮೀಟರ್, 4500 ಸುತ್ತಿನಲ್ಲಿ 13.5 ಮೀಟರ್. ವೇಗ ಒಂದೂವರೆ ಪಟ್ಟಾದರೂ ಬಿಗ್ ಎಂಡಿನ ಮೇಲೆ ಬೀಳುವ ಎಳೆತ ಎರಡೂಕಾಲು ಪಟ್ಟಾಗುತ್ತದೆ. ಇನ್ನೊಂದು ಕಡೆ, ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚು ಹಿಗ್ಗುತ್ತದೆ, ಕಬ್ಬಿಣ ಶಾಖವನ್ನು ನಿಧಾನವಾಗಿ ಬಿಡುತ್ತದೆ. ಕುಮಟಾದಿಂದ ಉಡುಪಿವರೆಗಿನ ಅಗಲ ಹೆದ್ದಾರಿಯಲ್ಲಿ, ಕರಾವಳಿಯ ಮಧ್ಯಾಹ್ನದ ಬಿಸಿಲಿನಲ್ಲಿ, ಎಲ್ಲರೂ 90ರಲ್ಲಿ ಹೋಗುವಾಗ ನಿಮಗೂ ಹೋಗಬೇಕೆನ್ನಿಸುತ್ತದೆ. ಬುಲೆಟ್ಟಿನ ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಹಿಡಿದುಕೊಳ್ಳುವುದು ಘಟ್ಟದಲ್ಲಲ್ಲ, ಹೆಚ್ಚಾಗಿ ಇಂಥ ಸಲೀಸು ರಸ್ತೆಯಲ್ಲೇ. ಆ ದಾರಿಯನ್ನು ಬೆಳಿಗ್ಗೆ ಹತ್ತರೊಳಗೆ ಇಲ್ಲವೇ ಸಂಜೆ ನಾಲ್ಕರ ಮೇಲೆ ಓಡಿಸಿ. ಗಂಟೆಗೊಮ್ಮೆ ಹತ್ತು ನಿಮಿಷ ನಿಲ್ಲಿಸಿ.

ಎಕ್ಸಿಲರೇಟರ್ ಕೊಟ್ಟಷ್ಟೇ ಇದ್ದೂ ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ಭಾರವಾದರೆ ಪಿಸ್ಟನ್ ಹಿಡಿಯತೊಡಗಿದೆ. ತಕ್ಷಣ ಕ್ಲಚ್ ಹಿಡಿದು, ಎಕ್ಸಿಲರೇಟರ್ ಬಿಟ್ಟು, ಬದಿಗೆ ಬನ್ನಿ. ಯೋಚಿಸುತ್ತಾ ಕೂತರೆ ಹಿಂದಿನ ಚಕ್ರವೇ ಕಚ್ಚುತ್ತದೆ. ನೀರು ಸುರಿಯಬೇಡಿ, ಕಬ್ಬಿಣ ಬಿರಿಯುತ್ತದೆ. ಮುಕ್ಕಾಲು ಗಂಟೆ ತಣಿಯಲು ಬಿಟ್ಟು, ಕಿಕ್ಕರ್ ಸಲೀಸಾಗಿ ಇಳಿದರೆ ಆಯಿಲ್ ಮಟ್ಟ ನೋಡಿ, 45 ದಾಟದೆ ಮುಂದಿನ ಊರು ಸೇರಿ.

ಆಗುಂಬೆಯಲ್ಲಿ ನೀವು ಸೋಮೇಶ್ವರದ ಕಡೆಯಿಂದ ಏರುತ್ತೀರಿ, 14 ಹೇರ್‌ಪಿನ್ ತಿರುವುಗಳು. ತಿರುವಿಗೆ ಬರುವ ಮೊದಲೇ ಗೇರಿಳಿಸಿ. ನಡುವಿನಲ್ಲಿ ಇಳಿಸಲು ಹೋಗಿ ಸುಳ್ಳು ನ್ಯೂಟ್ರಲ್ ಸಿಕ್ಕರೆ ಹೊರೆ ಹೊತ್ತ ಗಾಡಿ ಹಿಂದಕ್ಕೆ ಜಾರುತ್ತದೆ. ಮೂರನೇ ಗೇರಿನಲ್ಲಿ ಇಂಜಿನ್ನನ್ನು ಗುದ್ದಿಸುತ್ತಾ ಏರುವುದು ಎರಡನೇ ಗೇರಿನಲ್ಲಿ ಹಗುರ ಓಡಿಸುವುದಕ್ಕಿಂತ ಕೆಟ್ಟದ್ದು. ದೇವಿಮನೆ ಇಳಿಯುವಾಗ ಎರಡನೇ ಗೇರಿನಲ್ಲಿ ಇಂಜಿನ್ನೇ ತಡೆಯಲಿ, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಳಸಿ. ಒಂದೇ ಸಮನೆ ಹಿಡಿದ ಡ್ರಮ್ ಕಾದು, ಲಿವರ್ ಹಿಡಿವರೆಗೆ ಬಂದರೂ ಬ್ರೇಕ್ ಹಿಡಿಯದ ಸ್ಥಿತಿ ಬರುತ್ತದೆ.

ಜೊತೆಗೆ ಒಯ್ಯುವುದು

ಪ್ಲಗ್ ಎರಡು, ಪಾಯಿಂಟ್ ಸೆಟ್, ಕಂಡೆನ್ಸರ್, ಫೀಲರ್ ಗೇಜ್, ಒಂದು ಟ್ಯೂಬ್, ಟೈರ್ ಲಿವರ್, ಕೈಪಂಪು, ಚೈನ್ ಲಾಕ್, ಹೆಡ್‌ಲೈಟ್ ಬಲ್ಬ್, ಫ್ಯೂಸ್, ಟ್ಯಾಪೆಟ್ ಕವರಿನ ಪ್ಯಾಕಿಂಗ್, ಪೆಟ್ರೋಲ್ ಪೈಪಿನ ತುಂಡು, ತಂತಿ, ಇನ್ಸುಲೇಷನ್ ಟೇಪ್, ಎಂ-ಸೀಲ್, ಒಂದು ಲೀಟರ್ ಇಂಜಿನ್ ಆಯಿಲ್. ಕ್ಲಚ್ ಮತ್ತು ಎಕ್ಸಿಲರೇಟರಿನ ಹೆಚ್ಚುವರಿ ಕೇಬಲುಗಳನ್ನು ಚೀಲದಲ್ಲಿ ಸುತ್ತಿಡುವ ಬದಲು ಈಗಿರುವ ಕೇಬಲಿನ ಪಕ್ಕದಲ್ಲೇ ಹಾಯಿಸಿ ಟೇಪ್ ಸುತ್ತಿ; ತುಂಡಾದಾಗ ಎರಡು ತುದಿ ಬದಲಿಸಿದರೆ ಮುಗಿಯಿತು. ಈ ಗಾಡಿಯ ಕೆಲವು ನಟ್ಟುಗಳು ಮಿಲಿಮೀಟರ್ ಅಳತೆಯವಲ್ಲ, ಆದ್ದರಿಂದ ಅಂಗಡಿಯ ಸ್ಪ್ಯಾನರ್ ಸೆಟ್ ನಂಬಬೇಡಿ. ಒಂದೊಂದು ನಟ್ಟಿಗೂ ಹಾಕಿ ನೋಡಿ ಕೂರುವುದನ್ನಷ್ಟೇ ಕಟ್ಟಿಕೊಳ್ಳಿ. ಹಿಂದಿನ ಚಕ್ರವನ್ನು ಆ ಸಾಮಾನಿನಲ್ಲೇ ಮನೆಯಲ್ಲಿ ಒಮ್ಮೆ ಬಿಚ್ಚಿ ಹಾಕಿ.

1996ರ ಗಾಡಿ ಎಂದರೆ ಹದಿನೈದು ವರ್ಷದ ನೋಂದಣಿ ಮುಗಿದು ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕಾದದ್ದು. ಆರ್.ಸಿ.ಯ ದಿನಾಂಕ, ವಿಮೆ, ಹೊಗೆ ತಪಾಸಣೆ ಚೀಟಿ ಮೂರನ್ನೂ ರಸ್ತೆಗಿಳಿಸುವ ಮೊದಲೇ ಸರಿಮಾಡಿಸಿ.

ಪ್ರವಾಸ ಆರುನೂರು ಕಿ.ಮೀ. ಮೀರುತ್ತದೆ, ಆದ್ದರಿಂದ ತಿಂಗಳ ಮುಂಚೆಯೇ ಓಡಿಸತೊಡಗಿ. ಮೊದಲು ಊರೊಳಗೆ 20, ಆಮೇಲೆ ಧಾರವಾಡಕ್ಕೆ ಹೋಗಿ ಬನ್ನಿ, ಆಮೇಲೆ ಶಿರಸಿಗೆ ಒಂದೇ ದಿನದಲ್ಲಿ ಹೋಗಿ ಬರುವಷ್ಟು. ಒಂದೊಂದು ಓಟದ ಮರುದಿನ ತಣ್ಣಗಿರುವಾಗ ಟ್ಯಾಪೆಟ್, ಹೆಡ್ ನಟ್ಟು, ಇಂಜಿನ್ ಬೋಲ್ಟು, ಸೈಲೆನ್ಸರ್ ಬೋಲ್ಟು, ಚೈನು ನೋಡಿ. ಮೊದಲ 200 ಕಿ.ಮೀ. ಆದ ಮೇಲೆ ಆಯಿಲನ್ನು ಇನ್ನೊಮ್ಮೆ ಬದಲಿಸಿ, ಕರಗಿ ಬಂದ ಹಳೆಯ ಕೊಳೆ ಹೊರಹೋಗಲಿ. ಶಿರಸಿಯ ಓಟದಲ್ಲಿ ಆಯಿಲ್ ಎಷ್ಟು ಇಳಿಯಿತೋ ಅದರ ಲೆಕ್ಕದ ಮೇಲೆ ಪ್ರವಾಸದಲ್ಲಿ ಎಷ್ಟು ಬೇಕೆಂದು ತಿಳಿಯುತ್ತದೆ. ದಾರಿಯಲ್ಲಿ 300 ಕಿ.ಮೀ.ಗೊಮ್ಮೆ ಮಟ್ಟ ನೋಡಿದರೆ ಸಾಕು. ಉಡುಪಿಯಲ್ಲಿ ರಾತ್ರಿ ತಂಗುವುದಾದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಟ್ಯಾಪೆಟ್ ಕವರ್ ತೆಗೆದು ಎರಡು ರಾಡನ್ನೂ ತಿರುಗಿಸಿ ನೋಡಿ, ಚೈನ್ ಸಡಿಲ ಸರಿಮಾಡಿ, ಬ್ರೇಕ್ ಲಿವರಿನ ಆಟ ಕಡಿಮೆ ಮಾಡಿಕೊಳ್ಳಿ. ಆಗುಂಬೆ ಏರುವುದು ಆಮೇಲೆ.